ಹತ್ತನೆಯ ಮರ

ಮಾರ್ಚ್ ೪, ಮಂಗಳವಾರ

ಈ ಡೈರಿಯಲ್ಲಿ ಇದುವರೆಗೆ ಬಟ್ಟೆಯ ಲೆಕ್ಕ ಬಿಟ್ಟು ಬೇರೇನೂ ಬರೆದಿಲ್ಲ. ಹಾಸುಬಟ್ಟೆ ಎಷ್ಟು, ದಿಂಬಿನ ಚೀಲ ಎಷ್ಟು, ಹರಿದು ಹೊಲಿಗೆಗೆ ಇಟ್ಟದ್ದು ಎಷ್ಟು. ಕಳೆದ ಶುಕ್ರವಾರದ ಪುಟದಲ್ಲಿ ಮಧ್ಯಾಹ್ನದವರೆಗಿನ ಲೆಕ್ಕ ಇದೆ. ಕೊನೆಯ ಅಂಕಿ ಇನ್ನೂರ ಹನ್ನೆರಡು. ಅದರ ಕೆಳಗೆ ಖಾಲಿ.

ತಮ್ಮ ಹೋಗಿ ಇವತ್ತಿಗೆ ಐದು ದಿನ.

ಅವನು ಮಾಲಿಯಾಗಿದ್ದ ಪಾರ್ಕಿನಲ್ಲೇ, ಹನ್ನೆರಡೂವರೆಯ ಹೊತ್ತಿಗೆ, ಮರದ ಕೊಂಬೆ ಮುರಿದು ಅವನ ಮೇಲೆ ಬಿತ್ತು. ಗಾಳಿ ಇತ್ತಂತೆ. ಅಷ್ಟೇನೂ ದೊಡ್ಡ ಗಾಳಿಯಲ್ಲವಂತೆ. ಆಯಾ ಬಂದು ನಮ್ಮ ಆಸ್ಪತ್ರೆಯ ಲಾಂಡ್ರಿಯ ಬಾಗಿಲಲ್ಲಿ ನಿಂತು ಹೇಳಿದಳು. ನನ್ನ ಕೈಯಲ್ಲಿ ಒಂದು ಹಾಸುಬಟ್ಟೆ ಅರ್ಧ ಮಡಿಕೆಯಲ್ಲಿತ್ತು. ಅವಳು ಹೇಳಿ ಮುಗಿಸಿದ ಮೇಲೆ ನಾನು ಉಳಿದ ಎರಡು ಮಡಿಕೆ ಹಾಕಿ, ಅಂಗೈಯಿಂದ ಸವರಿ, ಉಳಿದವುಗಳ ಮೇಲೆ ಸರಿಯಾಗಿ ಇಟ್ಟೆ. ಆಮೇಲೆ "ಎಲ್ಲಿ?" ಅಂದೆ.

ತುರ್ತು ವಿಭಾಗದ ಹೊರಗೆ ಟ್ರಾಲಿಯ ಮೇಲಿದ್ದ. ಮುಖ ಮುಚ್ಚಿದ್ದರು. ಮುಚ್ಚಿದ ಬಟ್ಟೆಯ ಮೂಲೆಯಲ್ಲಿ ನಮ್ಮ ಲಾಂಡ್ರಿಯ ನೀಲಿ ಮುದ್ರೆ, ಅದರ ಪಕ್ಕದಲ್ಲಿ ನಾನೇ ಹಾಕಿದ ತೇಪೆ. ಅವನ ಕಾಲನ್ನು ಗುರುತಿಸುವ ಮೊದಲು ನನ್ನ ಹೊಲಿಗೆಯನ್ನು ಗುರುತಿಸಿದೆ.

ಇದನ್ನು ಯಾರ ಹತ್ತಿರವೂ ಹೇಳುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆದೆ.

ಮಾರ್ಚ್ ೭, ಶುಕ್ರವಾರ

ಕೆಲಸಕ್ಕೆ ಹೋದೆ. ಪಾರ್ಕಿನ ಮುಂದಿನ ದಾರಿ ಬಿಟ್ಟು, ಮೋಟಾರು ರಿಪೇರಿಯವರ ಬೀದಿಯಲ್ಲಿ ಬಳಸಿಕೊಂಡು ಹೋದರೆ ಹನ್ನೆರಡು ನಿಮಿಷ ಹೆಚ್ಚು. ಆಗಲಿ.

ಲಾಂಡ್ರಿಯಲ್ಲಿ ಎಲ್ಲರದೂ ಪಿಸುಮಾತು. ಇಸ್ತ್ರಿಯಮ್ಮ ಒಬ್ಬಳೇ ಎಂದಿನ ಗಂಟಲಲ್ಲಿ ಮಾತಾಡಿದಳು. ಇಪ್ಪತ್ತು ವರ್ಷದಿಂದ ನನ್ನ ಎದುರಿನ ಮೇಜಿನಲ್ಲಿ ಇಸ್ತ್ರಿ ಉಜ್ಜುವವಳು. ದನಿ ತಗ್ಗಿಸುವುದು ಅವಳಿಗೆ ಯಾರೂ ಕಲಿಸಿಲ್ಲ. ಬಾಯ್ಲರ್ ಮತ್ತೆ ಕೆಟ್ಟಿದೆ. ಆಪರೇಷನ್ ಕೋಣೆಯ ಬಟ್ಟೆಗಳನ್ನೂ ಮದ್ದು ಹಾಕಿ ತಣ್ಣೀರಲ್ಲೇ ನೆನೆಸುತ್ತಿದ್ದೇವೆ. ಹೊಸ ಬಾಯ್ಲರ್ ಕೇಳಿ ನಾಲ್ಕು ವರ್ಷವಾಯಿತು. ಆಸ್ಪತ್ರೆ ನಗರಸಭೆಯದು, ಪಾರ್ಕೂ ನಗರಸಭೆಯದೇ. ಪಾರ್ಕಿಗೆ ಹಣ ಹಾಕಿ ಉಳಿಸಿಕೊಳ್ಳಬೇಕೋ, ಇಲ್ಲ ಆ ಜಾಗವನ್ನು ವಾಹನ ನಿಲ್ಲಿಸುವ ಮಹಡಿ ಕಟ್ಟಡಕ್ಕೆ ಗುತ್ತಿಗೆ ಕೊಡಬೇಕೋ ಎಂದು ಈಗ ಜನರನ್ನೇ ಕೇಳುತ್ತಾರಂತೆ. ೨೭ಕ್ಕೆ ಸಭೆ. ಆಸ್ಪತ್ರೆಯ ಗೋಡೆಗೂ ನೋಟೀಸು ಅಂಟಿಸಿದ್ದಾರೆ.

"ಮರಕ್ಕೆ ಸುರಿಯೋ ದುಡ್ಡು ಬಾಯ್ಲರ್‌ಗೆ ಸುರಿದ್ರೆ ನಾಲ್ಕು ಜೀವ ಉಳಿಯುತ್ತೆ," ಎಂದಳು ಇಸ್ತ್ರಿಯಮ್ಮ. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಕಚ್ಚಿಕೊಳ್ಳಬೇಕಾಗಿರಲಿಲ್ಲ. ನನಗೂ ಹಾಗೇ ಅನಿಸಿತ್ತು. ಇಪ್ಪತ್ತಾರು ವರ್ಷ ಅವನು ನೀರು ಹೊತ್ತು ಬೆಳೆಸಿದ ಮರ ಅವನನ್ನೇ ನುಂಗಿತು. ಇನ್ನು ಅದಕ್ಕೆ ಒಂದು ಬಿಡಿಗಾಸೂ ಹಾಕಬಾರದು. ಎಲ್ಲ ಕಡಿದು ನೆಲ ಸಮ ಮಾಡಲಿ.

ಮಾರ್ಚ್ ೧೨, ಬುಧವಾರ

ಮನೆ ಗುಡಿಸಿದೆ. ಇರುವುದು ಎರಡು ಕೋಣೆ. ಅಮ್ಮ ಹೋದಾಗ ಅವನಿಗೆ ಒಂಬತ್ತು, ನನಗೆ ಹದಿನಾರು. ಅವನನ್ನು ದೊಡ್ಡವನು ಮಾಡುವುದರಲ್ಲಿ ನನ್ನ ಮದುವೆಯ ಮಾತು ಹಿಂದಾಯಿತು, ನನ್ನನ್ನು ಒಂಟಿ ಮಾಡಬಾರದೆಂದು ಅವನದೂ ಹಿಂದಾಯಿತು. ಹಾಗೇ ಇಬ್ಬರೂ ಉಳಿದುಬಿಟ್ಟೆವು.

ಅವನ ಮಂಚದ ಕೆಳಗೆ ಉಯ್ಯಾಲೆಯ ಎರಡು ಹಲಗೆಗಳಿವೆ. ಪಾರ್ಕಿನವು. ರಿಪೇರಿಗೆಂದು ಹೋದ ವರ್ಷ ಬಿಚ್ಚಿ ತಂದವನು ಮುಟ್ಟಲೇ ಇಲ್ಲ. ಪೊರಕೆ ತಗಲಿದಾಗಲೆಲ್ಲ ನಾನು ಕೇಳುತ್ತಿದ್ದೆ, ಇದಕ್ಕೆ ಯಾವಾಗಪ್ಪಾ ಮುಹೂರ್ತ ಅಂತ. "ಮಾಡ್ತೀನಕ್ಕ, ಒಳ್ಳೇ ಮೊಳೆ ಸಿಗ್ಲಿ," ಅನ್ನುತ್ತಿದ್ದ. ಊರಿನಲ್ಲಿ ಮೊಳೆಗೆ ಬರ ಬಂದವರ ಹಾಗೆ.

ಇವತ್ತು ನೋಡಿದರೆ ಹಲಗೆಗಳಿಗೆ ಏನೂ ಆಗಿಲ್ಲ. ಗಟ್ಟಿಯಾಗಿವೆ. ಒರೆಸಿ ಗೋಡೆಗೆ ಒರಗಿಸಿದೆ. ಅವನ ಜಾಗಕ್ಕೆ ಹಾಕಿರುವ ದಿನಗೂಲಿಯವನು ಅವನ ಊಟದ ಡಬ್ಬಿಯನ್ನೂ ಮರದ ಕೊಡತಿಯನ್ನೂ ಕೊಟ್ಟು ಹೋಗಲು ಬಂದಿದ್ದ. ಹಲಗೆಗಳನ್ನು ಅವನ ಕೈಗೆ ಕೊಟ್ಟೆ. ತುಂಬ ಖುಷಿಪಟ್ಟ. ಮಕ್ಕಳು ಬರೀ ಸರಪಳಿ ಹಿಡಿದು ನೇತಾಡುತ್ತಿದ್ದವಂತೆ.

ಮಾರ್ಚ್ ೧೩, ಗುರುವಾರ

ಹಲಗೆ ಹಾಕಿದನಂತೆ. ಮಕ್ಕಳು ಸಾಲುಗಟ್ಟಿ ನಿಂತಿದ್ದವೆಂದು ಇಸ್ತ್ರಿಯಮ್ಮ ಹೇಳಿದಳು. ಎರಡು ವಾರದಲ್ಲಿ ನನ್ನ ಕೈಯಿಂದ ಆದ ಒಂದೇ ಒಳ್ಳೆಯ ಕೆಲಸ.

ಮಾರ್ಚ್ ೧೬, ಭಾನುವಾರ

ಒಂದೇ ದಿನ ಇಬ್ಬರು ದೊಡ್ಡವರು ಈ ಮನೆಗೆ ಬಂದರು. ಇರುವುದು ಒಂದೇ ಕುರ್ಚಿ.

ಬೆಳಿಗ್ಗೆ ನಮ್ಮ ವಾರ್ಡಿನ ಸದಸ್ಯೆ. ಪಾರ್ಕು ಉಳಿಸಬೇಕೆನ್ನುವವರ ಕಡೆಯವರು. ಸಭೆಯಲ್ಲಿ ನಾನು ಎರಡು ಮಾತಾಡಬೇಕಂತೆ. ನಿಮ್ಮ ತಮ್ಮ ಆ ಮರಗಳಿಗೋಸ್ಕರ ಪ್ರಾಣ ಕೊಟ್ಟವರು, ಗೇಟಿಗೆ ಅವರ ಹೆಸರಿಡಿಸುತ್ತೇವೆ ಎಂದರು. ಅವನು ಕೊಡಲಿಲ್ಲ, ಅದು ಕಿತ್ತುಕೊಂಡಿತು ಅಂದೆ. ಬಹಳ ಚೆನ್ನಾಗಿ ಹೇಳಿದಿರಿ ಎಂದು ಅದನ್ನೂ ಬರೆದುಕೊಂಡರು.

ಸಂಜೆ ನಗರಸಭೆಯ ಎಂಜಿನಿಯರ್. ಅವರು ಕಟ್ಟಡದ ಕಡೆ. ಮೆಲ್ಲಗೆ ಮಾತಾಡುವ ಮನುಷ್ಯ. ಅಪಘಾತದ ವರದಿ ಅವರೇ ಬರೆಯಬೇಕು. ಪ್ರತಿ ಜನವರಿಯಲ್ಲಿ ಮಾಲಿ ಒಂದೊಂದು ಮರವನ್ನೂ ಕೊಡತಿಯಿಂದ ತಟ್ಟಿ ಸದ್ದು ಕೇಳಬೇಕು. ಒಳಗೆ ಟೊಳ್ಳಾಗಿದ್ದರೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದು ಸುತ್ತ ಹಗ್ಗ ಕಟ್ಟಬೇಕು. ತಮ್ಮನ ಮೇಲೆ ಬಿದ್ದದ್ದು ನಲವತ್ತೊಂದನೆಯ ಮರ. ಅದಕ್ಕೆ ಪಟ್ಟಿ ಇರಲಿಲ್ಲ, ಹಗ್ಗ ಇರಲಿಲ್ಲ. ಒಳಗೆ ಪೂರ್ತಿ ಟೊಳ್ಳಾಗಿತ್ತು.

"ಮಾಲಿಯ ನಿರ್ಲಕ್ಷ್ಯ ಅಂತ ಬರೀಬೇಕಾಗುತ್ತಮ್ಮಾ. ಬರೀದೇ ಇರೋದಕ್ಕೂ ದಾರಿ ಇದೆ. ಈ ಪಾರ್ಕು ಬೇಡ ಅಂತ ಸಭೆಯಲ್ಲಿ ನೀವೇ ಒಂದು ಮಾತು ಹೇಳಿದ್ರೆ, ಸತ್ತವರ ಮೇಲೆ ಯಾಕೆ ಹೊರೆ ಅಂತ ನಾನೂ ನೋಡ್ಬಹುದು," ಎಂದರು.

ಪಾರ್ಕು ಬೇಡ ಅನ್ನುವುದು ನನ್ನದೇ ಮಾತು. ಆದರೂ, ನೋಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ. ಅವರು ಹೋದ ಮೇಲೆ ನೆನಪಾಯಿತು: ನೀರಿನ ಡ್ರಮ್ಮನ್ನು ಬೆರಳಗಂಟಿನಿಂದ ಒಮ್ಮೆ ತಟ್ಟಿ, ಇನ್ನು ಎಷ್ಟು ಕೊಡ ಇದೆ ಎಂದು ಹೇಳುತ್ತಿದ್ದವನು ಅವನು. ಅಂಥವನಿಗೆ ಟೊಳ್ಳು ಮರ ಕೇಳಿಸದೇ ಇರುವುದು ಹೇಗೆ?

ಮಾರ್ಚ್ ೧೯, ಬುಧವಾರ

ಕೊಡೆ ಅಜ್ಜ ಲಾಂಡ್ರಿಯ ಕಿಟಕಿಗೆ ಬಂದರು. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದ ಅಜ್ಜ, ದಿನಾ ಪಾರ್ಕಿನಲ್ಲಿ ಪೇಪರ್ ಓದುವವರು. ತಮ್ಮನ ಬಾಯಲ್ಲಿ ಅವರ ಹೆಸರು ಕೇಳಿದ್ದೆ, ನೋಡಿದ್ದು ಇವತ್ತೇ.

ಅಂದು ಆ ಮರದ ಕೆಳಗೆ ಹೋಗಿ ನಿಂತವರು ಅವರಂತೆ. ನಲವತ್ತೊಂದರ ನೆರಳು ಪಾರ್ಕಿನಲ್ಲೇ ತಂಪು. ಆದರೆ ಒಂದು ವರ್ಷದಿಂದ ತಮ್ಮ ಅಲ್ಲಿ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಬೆಂಚನ್ನು ಎಳೆದು ದೂರ ಹಾಕಿದ. ಜನ ಬರುವ ಹೊತ್ತಿಗೆ ಸರಿಯಾಗಿ ಊಟದ ಡಬ್ಬಿ ಹಿಡಿದು ಅದರ ಪಕ್ಕದ ದಾರಿಯಲ್ಲಿ ತಾನೇ ಕೂತಿರುತ್ತಿದ್ದ. ಇರುವೆ ಇದೆ, ಗೊಬ್ಬರ ಹಾಕಿದೆ, ಹಕ್ಕಿ ಗಲೀಜು ಮಾಡುತ್ತೆ ಎಂದು ದಿನಕ್ಕೊಂದು ನೆಪ. ಅಜ್ಜನಿಗೆ ರೇಗಿಹೋಗಿತ್ತು. ಮಾಲಿ ಒಳ್ಳೆಯ ನೆರಳನ್ನು ತನ್ನ ಸ್ವಂತಕ್ಕೆ ಇಟ್ಟುಕೊಂಡಿದ್ದಾನೆ ಎಂದು ಕಚೇರಿಗೆ ಎರಡು ಸಲ ದೂರು ಬರೆದುಕೊಟ್ಟಿದ್ದರಂತೆ.

"ಅವತ್ತು ಹಟಕ್ಕೇ ಹೋಗಿ ನಿಂತೆ ಕಣಮ್ಮಾ. ಓಡಿ ಬಂದ. ಏನಪ್ಪಾ, ಇದು ನಿನ್ನ ಸಾಮ್ರಾಜ್ಯಾನಾ ಅಂತ ನಾನು ಅಂದೆ. ಅವನು ಮಾತೇ ಆಡಲಿಲ್ಲ, ಎರಡೂ ಕೈಯಲ್ಲಿ ನನ್ನ ಎದೆಗೆ ತಳ್ಳಿದ. ಬಿದ್ದವನು ಅವನನ್ನ ಬೈಯೋಕೆ ಬಾಯಿ ತೆರೆದೆ."

ಅಜ್ಜ ಅಲ್ಲಿಗೆ ನಿಲ್ಲಿಸಿದರು. ಕೊಡೆಯ ಹಿಡಿಯನ್ನು ಎರಡು ಕೈಯಲ್ಲೂ ತಿರುಚುತ್ತಿದ್ದರು. ನಾನು ಅವರಿಗೆ ಏನು ಹೇಳಿದೆನೋ ಗೊತ್ತಿಲ್ಲ. ಕುಡಿಯಲು ನೀರು ಕೊಟ್ಟ ನೆನಪಿದೆ.

ಹಾಗಾದರೆ ಅವನಿಗೆ ಗೊತ್ತಿತ್ತು. ಗೊತ್ತಿತ್ತು. ಗೊತ್ತಿದ್ದೂ ಕೆಂಪು ಬಳಿಯಲಿಲ್ಲ.

ಮಾರ್ಚ್ ೨೦, ಗುರುವಾರ

ಅಕ್ಷರ ಹೇಗಾದರೂ ಬರಲಿ, ಬರೆದುಬಿಡುತ್ತೇನೆ.

ಅವನ ಮೈಮೇಲಿದ್ದ ಬಟ್ಟೆಯನ್ನು ಆಸ್ಪತ್ರೆಯವರು ಚೀಲದಲ್ಲಿ ಕಟ್ಟಿ ಕೊಟ್ಟಿದ್ದರು. ಮೂರು ವಾರದಿಂದ ಬಚ್ಚಲ ಮೂಲೆಯಲ್ಲೇ ಇತ್ತು. ದಿನಾ ನೂರು ಜನರ ರಕ್ತ ತೊಳೆಯುವವಳಿಗೆ ಒಂದು ಅಂಗಿ ನೆನೆಹಾಕುವ ಧೈರ್ಯ ಬಂದಿರಲಿಲ್ಲ. ಇವತ್ತು ಬೆಳಗಿನ ಪಾಳಿ ಮುಗಿಸಿ ಬಂದು ಬಿಚ್ಚಿದೆ. ನೀರಿಗೆ ಹಾಕುವ ಮೊದಲು ಜೇಬು ನೋಡುವುದು ನಮ್ಮ ಕಸುಬಿನ ಮೊದಲ ಪಾಠ. ಕೈ ತಾನಾಗಿ ಹೋಯಿತು. ಸಣ್ಣ ನೋಟ್‌ಬುಕ್ಕು ಸಿಕ್ಕಿತು.

ಮರ ತಟ್ಟಿದ ಪುಸ್ತಕ. ಹೋದ ವರ್ಷದ ಜನವರಿ ಹನ್ನೊಂದರಿಂದ ಶುರು. ಒಂದು ಗಟ್ಟಿ, ಎರಡು ಗಟ್ಟಿ, ಮೂರು ಟೊಳ್ಳು, ಕೆಂಪು. ಹೀಗೆ ಕೆಂಪು ಎಂದು ಬರೆದವು ಒಂಬತ್ತು. ಆಮೇಲೆ: ನಲವತ್ತೊಂದು, ಟೊಳ್ಳು, ಮುಂದಿನ ವರ್ಷ. ಐವತ್ತೆಂಟು, ಟೊಳ್ಳು, ಪಂಪಿನ ಮನೆ ಹಿಂದೆ, ಯಾರೂ ಹೋಗಲ್ಲ, ಮುಂದಿನ ವರ್ಷ. ಅರವತ್ತಮೂರು, ಟೊಳ್ಳು, ಉಯ್ಯಾಲೆ ಮೇಲೆ. ಹಲಗೆ ಬಿಚ್ಚಿ ಮನೆಗೆ ತಂದೆ. ಮುಂದಿನ ವರ್ಷ.

ಪುಟ ತಿರುಗಿಸಿದೆ. ಈ ವರ್ಷದ ಜನವರಿ. ಮುಂದಿನ ವರ್ಷ ಬಂದಿತ್ತು. ಮೂರು ಮರದ ಮುಂದೆಯೂ ಅಲ್ಲಿ ಬರೆದದ್ದು ಮುಂದಿನ ವರ್ಷ.

ಆಗ ಹಲಗೆಯ ನೆನಪಾಯಿತು.

ಬಚ್ಚಲಿಂದ ಎದ್ದವಳು ಒದ್ದೆ ಕಾಲಲ್ಲೇ ಓಡಿದೆ. ಅವನು ಹೋದ ಮೇಲೆ ಆ ಗೇಟು ದಾಟಿದ್ದು ಇವತ್ತೇ ಮೊದಲು. ಎರಡೂ ಉಯ್ಯಾಲೆಯಲ್ಲಿ ಮಕ್ಕಳಿದ್ದವು, ಕೆಳಗೆ ಇನ್ನು ಆರೇಳು. ಕೆಂಪು ಲಂಗದ ಒಂದು ಹುಡುಗಿ ಎಷ್ಟು ಎತ್ತರಕ್ಕೆ ಹೋಗುತ್ತಿತ್ತೆಂದರೆ ಅದರ ಕಾಲು ಎಲೆಗೆ ತಾಗುತ್ತಿತ್ತು. ಸರಪಳಿ ಹಿಡಿದು ನಿಲ್ಲಿಸಿದೆ. ಅದನ್ನು ಎತ್ತಿ ಇಳಿಸಿದೆ. ಉಳಿದವನ್ನು ತಳ್ಳಿದೆ, ನಿಜವಾಗಿಯೂ ತಳ್ಳಿದೆ, ಒಂದು ಮಗು ಬಿದ್ದು ಅತ್ತಿತು. ಅದರ ತಾಯಿ ಬಂದು, ಮಕ್ಕಳ ಹತ್ರ ಹೀಗೆ ಆಡ್ತೀರಲ್ಲ, ನಾಚಿಕೆ ಆಗಲ್ವಾ ಎಂದಳು. ನಾನು ಕಾರಣ ಹೇಳಲಿಲ್ಲ. ಹೇಳಿದರೆ ತಮ್ಮನ ಹೆಸರು ಹೇಳಬೇಕು. ಕೊಕ್ಕೆ ತೆಗೆದು ಎರಡು ಹಲಗೆಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದೆ. ಜನ ದಾರಿ ಬಿಟ್ಟರು. "ಪಾಪ, ಮಾಲಿಯ ಅಕ್ಕ, ತಲೆಗೆ ಹತ್ತಿದೆ," ಎಂದು ಯಾರೋ ಅಂದದ್ದು ಕೇಳಿಸಿತು.

ಎಂಟು ದಿನ. ನಾನು ಒರೆಸಿ ಕೊಟ್ಟ ಹಲಗೆಯ ಮೇಲೆ, ಎಂಟು ದಿನ.

ಮಾರ್ಚ್ ೨೧, ಶುಕ್ರವಾರ

ದೊಡ್ಡ ಮಾಲಿಯ ಮನೆಗೆ ಹೋದೆ. ನಗರದ ಎಲ್ಲ ಪಾರ್ಕಿನ ಮಾಲಿಗಳಿಗೆ ಅವರೇ ಹಿರಿಯರು. ತಮ್ಮನಿಗೆ ಕೊಡತಿ ಹಿಡಿಯಲು ಕಲಿಸಿದವರು. ನೋಟ್‌ಬುಕ್ಕು ಓದಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

ಕಚೇರಿಯಲ್ಲಿ ಒಂದು ನಿಯಮ ಇದೆಯಂತೆ. ಒಂದು ಪಾರ್ಕಿನಲ್ಲಿ ಕೆಂಪು ಮರ ಹತ್ತಾದರೆ ಅದು ಅಪಾಯದ ಜಾಗ; ಗೇಟು ಮುಚ್ಚಬೇಕು. ಕೆಂಪು ಬಳಿದ ಮರವನ್ನು ಕಡಿಯಲು, ಇಲ್ಲವೇ ಆಸರೆ ಕಂಬ ಕೊಡಲು ಹಣ ಬೇಕು. ಹಣ ಆರು ವರ್ಷದಿಂದ ಬಂದಿಲ್ಲ. ಹಳೆಯ ಒಂಬತ್ತು ಹಾಗೇ ನಿಂತಿವೆ. ಹತ್ತನೆಯದಕ್ಕೆ ಜಾಗವಿಲ್ಲ. ಅದಕ್ಕೆ ಯಾವ ಮಾಲಿಯೂ ಹತ್ತನೆಯದನ್ನು ಬರೆಯುವುದಿಲ್ಲ. ಮುಂದಿನ ವರ್ಷಕ್ಕೆ ಹಾಕುತ್ತಾರೆ. ತಮ್ಮ ಒಬ್ಬನೇ ಅಲ್ಲ, ಎಲ್ಲರೂ.

"ಬಸ್ ನಿಲ್ದಾಣದ ಹತ್ರ ಒಂದು ಪಾರ್ಕಿತ್ತು, ನೆನಪಿದೆಯಾ ತಂಗೀ? ಅಲ್ಲಿನ ಮಾಲಿ ಸತ್ಯವಂತ. ಹನ್ನೆರಡು ಬರೆದ. ತಾತ್ಕಾಲಿಕವಾಗಿ ಮುಚ್ಚಿದೆ ಅಂತ ಬೋರ್ಡು ಹಾಕಿದ್ರು. ಈಗ ಅಲ್ಲಿ ಪಾರ್ಕೂ ಇಲ್ಲ, ಬೋರ್ಡೂ ಇಲ್ಲ."

ಇದನ್ನು ಒಲೆಗೆ ಹಾಕು ಎಂದರು. ತೋರಿಸಿದರೆ ಹನ್ನೆರಡಾಗುತ್ತದೆ, ಮಾರನೆಯ ದಿನವೇ ಬೀಗ. ನಿರ್ಲಕ್ಷ್ಯ ಅಂದರೆ ಜನ ನಾಲ್ಕು ದಿನ ಅಂದು ಮರೆಯುತ್ತಾರೆ, ಗೊತ್ತಿದ್ದೂ ಮುಚ್ಚಿಟ್ಟ ಅಂದರೆ ಮರೆಯುವುದಿಲ್ಲ. ಸುಮ್ಮನಿದ್ದರೆ ಗೇಟಿನ ಮೇಲೆ ಅವನ ಹೆಸರಾದರೂ ಉಳಿಯುತ್ತದೆ. ಐವತ್ತೆಂಟು, ಅರವತ್ತಮೂರನ್ನು ತಾವೇ ಹೇಗಾದರೂ ನೋಡಿಕೊಳ್ಳುತ್ತಾರಂತೆ.

ನನಗೆ ಯಾಕೆ ಹೇಳಲಿಲ್ಲ ಅವನು ಎಂದು ಕೇಳಿದೆ.

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?"

ಮನೆಗೆ ಬಂದು ಎಷ್ಟು ಹೊತ್ತು ಚಪ್ಪಲಿ ಬಿಡದೆ ನಿಂತಿದ್ದೆನೋ.

ಮಾರ್ಚ್ ೨೩, ಭಾನುವಾರ

ಪಾರ್ಕಿನಲ್ಲಿದ್ದೆ. ಶುಕ್ರವಾರ, ಶನಿವಾರವೂ ಡ್ಯೂಟಿ ಮುಗಿಸಿ ಅಲ್ಲೇ ಹೋಗಿ ಕೂತಿದ್ದೆ. ಉಯ್ಯಾಲೆ ಇಲ್ಲದಿದ್ದರೂ ಮಕ್ಕಳು ಆ ಕಬ್ಬಿಣದ ಚೌಕಟ್ಟು ಹತ್ತಲು ಬರುತ್ತವೆ. ಮೇಲೆ ಜೇನುಗೂಡಿದೆ ಅಂದೆ. ಇನ್ನೊಂದು ಗುಂಪಿಗೆ ಬಣ್ಣ ಹಸಿ ಇದೆ ಅಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಕೊಡೆ ಅಜ್ಜ ದೂರದ ಬೆಂಚಿನಿಂದ ನೋಡುತ್ತಿದ್ದವರು ಹತ್ತಿರ ಬಂದು, ಇದು ಮನೆತನದ ಕಸುಬು ಅಂತ ಕಾಣುತ್ತೆ ಎಂದರು. ನಗು ಬಂತು. ಆಮೇಲೆ ಅವರ ಮುಖ ನೋಡಿದೆ; ಅವರಿಗೆ ಅರ್ಥವಾಗಿತ್ತು. ಏನೂ ಕೇಳದೆ ತಾವೂ ಕೂತರು, ಮರದಿಂದ ಇಪ್ಪತ್ತು ಹೆಜ್ಜೆ ಆಚೆ.

ಕೊಡತಿ ತೆಗೆದುಕೊಂಡು ಹೋಗಿದ್ದೆ. ಅರವತ್ತೆರಡನ್ನು ತಟ್ಟಿದೆ, ಕೈಗೆ ಪೆಟ್ಟು ವಾಪಸು ಬಂತು. ಅರವತ್ತಮೂರನ್ನು ತಟ್ಟಿದೆ. ಖಾಲಿ ಮನೆಯ ಬಾಗಿಲು ಬಡಿದ ಹಾಗಿತ್ತು.

ಅದರ ಎಲೆ ನೋಡಿದರೆ ಯಾರೂ ನಂಬುವುದಿಲ್ಲ. ಪಕ್ಕದ ಮರಗಳಿಗಿಂತ ದಟ್ಟ. ಮೂರು ಗಂಟೆಗೆ ನೆರಳು ಗೇಟಿನ ಕಡೆ ತಿರುಗುತ್ತದೆ, ನಾಲ್ಕೂವರೆಗೆ ನೀರಿನ ನಲ್ಲಿ ಮುಟ್ಟುತ್ತದೆ. ಆಸ್ಪತ್ರೆಯ ರೋಗಿಗಳ ಕಡೆಯವರು ಊಟದ ಗಂಟು ಬಿಚ್ಚುವುದು ಇಲ್ಲೇ. ಅವರಿಗೆ ಇನ್ನೆಲ್ಲೂ ಜಾಗವಿಲ್ಲ.

ಮಾರ್ಚ್ ೨೫, ಮಂಗಳವಾರ

ಒಲೆಗೆ ಹಾಕಲಿಲ್ಲ. ತೋರಿಸುವ ಧೈರ್ಯವೂ ಇಲ್ಲ. ದಿಂಬಿನ ಚೀಲದೊಳಗೆ ಇಟ್ಟು ಮಲಗಿದೆ. ಒಂದೇ ಮಾತು ತಲೆಯಲ್ಲಿ ಸುತ್ತುತ್ತದೆ: ಉಳಿದ ಪಾರ್ಕುಗಳ ಹತ್ತನೆಯ ಮರದ ಕೆಳಗೆ ಈಗ ಯಾರು ಕೂತಿದ್ದಾರೆ?

ಮಾರ್ಚ್ ೨೭, ಗುರುವಾರ

ಸಭೆ ಮುಗಿಸಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಗರಸಭೆಯ ದೊಡ್ಡ ಕೋಣೆ ತುಂಬಿತ್ತು. ಇಸ್ತ್ರಿಯಮ್ಮ ಮೊದಲೇ ಕೈಯೆತ್ತಿ, ಬಾಯ್ಲರ್ ಕೊ‌ಡದೆ ಹೂವಿನ ಕುಂಡ ಕೊಟ್ಟರೆ ರೋಗಿಗಳನ್ನು ಅದರಲ್ಲೇ ನೆಡಬೇಕಾದೀತು ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಸದಸ್ಯೆ ಎದ್ದು, ನೆರಳು ಬಡವರ ಆಸ್ತಿ, ಅದನ್ನು ಮಾರಿದರೆ ಮತ್ತೆ ಕೊಳ್ಳಲಾಗದು ಎಂದರು. ಅದೂ ಸರಿಯೇ ಅನಿಸಿತು. ಆಮೇಲೆ ನನ್ನನ್ನು ಕರೆದರು.

ಮೈಕು ನನ್ನ ಎತ್ತರಕ್ಕೆ ಇರಲಿಲ್ಲ. ನೋಟ್‌ಬುಕ್ಕು ತೆಗೆದು, ಹೋದ ವರ್ಷದ ಜನವರಿಯಿಂದ ಓದಿದೆ. ಯಾವ ಮುನ್ನುಡಿಯನ್ನೂ ಹೇಳಲಿಲ್ಲ, ಬರೀ ಓದಿದೆ. ಮೂರು, ಟೊಳ್ಳು, ಕೆಂಪು. ನಲವತ್ತೊಂದು, ಟೊಳ್ಳು, ಮುಂದಿನ ವರ್ಷ. ಅರವತ್ತಮೂರು ಓದಿದ ಮೇಲೆ, ಹಲಗೆ ವಾಪಸು ಕೊಟ್ಟವಳು ನಾನು ಎಂದೂ ಹೇಳಿದೆ. ಆ ದಿನ ನನ್ನನ್ನು ಬೈದ ತಾಯಿ ಮೂರನೆಯ ಸಾಲಿನಲ್ಲಿದ್ದಳು. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡದ್ದು ಕಂಡಿತು.

ಎಂಜಿನಿಯರ್ ಎದ್ದರು. "ನಾನು ಹೇಳ್ತಿದ್ದದ್ದೂ ಇದೇ. ಗೊತ್ತಿದ್ದೂ ಮುಚ್ಚಿಟ್ಟಿದ್ದಾರೆ. ಹನ್ನೆರಡು ಮರ. ಹಾಗಾದ್ರೆ ಪಾರ್ಕು ಮುಚ್ಚೋದೇ ಸರಿ ಅಂತ ನಿಮ್ಮ ಅಭಿಪ್ರಾಯ, ಅಲ್ವಾ ಅಮ್ಮಾ?"

ಅಲ್ಲ ಎಂದು ನನ್ನ ಬಾಯಿಂದಲೇ ಬಂದದ್ದು. ನಾನು ಹಾಗೆ ಹೇಳಬೇಕೆಂದು ಹೋಗಿರಲಿಲ್ಲ.

"ಮುಚ್ಚಿಟ್ಟ, ತಪ್ಪು ಮಾಡ್ದ. ಒಬ್ಬರ ಪ್ರಾಣಕ್ಕೆ ತನ್ನದು ಕೊಟ್ಟ, ಮಕ್ಕಳದ್ದು ಹೋಗಿದ್ರೆ ಏನು ಕೊಡ್ತಿದ್ದ? ಅವನು ನನ್ನ ತಮ್ಮ ಅಂತ ನಾನು ಇದನ್ನ ಸರಿ ಅನ್ನಲ್ಲ. ಆದ್ರೆ ಸಾರ್, ನಮ್ಮ ಲಾಂಡ್ರೀಲಿ ಹರಿದ ಬಟ್ಟೆ ಜಾಸ್ತಿ ಬಂದ್ರೆ ಹೊಲಿಯೋಕೆ ಜನ ಹಾಕ್ತಾರೆ. ಲಾಂಡ್ರಿ ಮುಚ್ತೀವಿ ಅಂದ್ರೆ ಹರಿದದ್ದನ್ನ ಯಾರು ತೋರಿಸ್ತಾರೆ? ಎಲ್ಲರೂ ಮಡಿಕೆ ಒಳಗೆ ಹಾಕಿ ಇಡ್ತಾರೆ. ನೀವು ಆರು ವರ್ಷ ಹಣ ಕೊಡ್ಲಿಲ್ಲ. ಹತ್ತು ಅಂತ ಗೆರೆ ಮಾತ್ರ ಎಳೆದ್ರಿ."

ಇಷ್ಟು ಉದ್ದ ನಾನು ಯಾರ ಮುಂದೆಯೂ ಮಾತಾಡಿದವಳಲ್ಲ. ಕುಡಿಯಲು ನೀರು ಎಲ್ಲಿದೆ ಎಂದು ನೋಡುತ್ತಿದ್ದೆ. ಆಗ ಹಿಂದಿನ ಸಾಲಿನಿಂದ ದೊಡ್ಡ ಮಾಲಿಯ ದನಿ ಬಂತು.

"ಅವನಿಗೆ ಹಾಗೆ ಬರೆಯೋಕೆ ಹೇಳಿಕೊಟ್ಟೋನು ನಾನು," ಎಂದರು. "ಎಲ್ಲಾ ಪಾರ್ಕಲ್ಲೂ ಹೀಗೇ ಇದೆ. ನನ್ನ ಹತ್ರ ಲೆಕ್ಕ ಇದೆ."

ಆಮೇಲೆ ಗಲಾಟೆಯೋ ಗಲಾಟೆ. ಸದಸ್ಯೆ ನನ್ನ ಕಡೆ ನೋಡಲಿಲ್ಲ. ನಾನು ಹೊರಗೆ ಬಂದಾಗ ಪಾರ್ಕಿಗೆ ಬರುವ ಇಬ್ಬರು ಮುಖ ತಿರುಗಿಸಿದರು. ಗೇಟಿಗೆ ಇಡಬೇಕೆಂದಿದ್ದ ಹೆಸರನ್ನು ಇವತ್ತು ಊರೆಲ್ಲ ಬೈಯುತ್ತಿದೆ. ಅದನ್ನು ಅವರ ಬಾಯಿಗೆ ಹಾಕಿದವಳು ನಾನು.

ಮಾರ್ಚ್ ೨೮, ಶುಕ್ರವಾರ

ಪಾರ್ಕಿಗೆ ಬೀಗ.

ಏಪ್ರಿಲ್ ೩, ಗುರುವಾರ

ನಗರಸಭೆಯ ಆದೇಶವನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದರು. ಹತ್ತರ ನಿಯಮ ರದ್ದು. ಎಲ್ಲ ಪಾರ್ಕುಗಳ ಮರವನ್ನೂ ಹೊಸದಾಗಿ ತಟ್ಟಿ ನೋಡಬೇಕು. ಟೊಳ್ಳು ಮರ ಕಡಿಯಲು, ಆಸರೆ ಕಂಬ ಕೊಡಲು ಈ ವರ್ಷವೇ ಹಣ. ನಮ್ಮ ಪಾರ್ಕು ಕೆಲಸ ಮುಗಿದ ಮೇಲೆ ತೆರೆಯುತ್ತದೆ. ಕಟ್ಟಡದ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ಇಸ್ತ್ರಿಯಮ್ಮನಿಗೆ ಓದು ಬರುವುದಿಲ್ಲ, ನಾನೇ ಓದಿ ಹೇಳುತ್ತಿದ್ದೆ. ಕೊನೆಯ ಸಾಲು ನಾಲಿಗೆಯಲ್ಲೇ ನಿಂತಿತು. ಈ ಖರ್ಚಿನ ಕಾರಣ ಆಸ್ಪತ್ರೆ ಲಾಂಡ್ರಿಯ ಬಾಯ್ಲರ್ ಖರೀದಿಯನ್ನು ಮುಂದಿನ ವರ್ಷಕ್ಕೆ ಹಾಕಲಾಗಿದೆ.

ಅದನ್ನೂ ಅವಳಿಗೆ ಓದಿ ಹೇಳಿದೆ.

"ತಮ್ಮ ಮರ ಮುಚ್ಚಿಟ್ಟ, ಅಕ್ಕ ಬಾಯ್ಲರ್ ತೆತ್ತಳು. ಲೆಕ್ಕ ಸರಿಹೋಯ್ತು," ಎಂದಳು ಇಸ್ತ್ರಿಯಮ್ಮ. ಸಂಜೆಯವರೆಗೂ ಮತ್ತೆ ಮಾತಾಡಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು?

ಪಾಳಿ ಮುಗಿದ ಮೇಲೆ ಬಾಯ್ಲರ್‌ನ ಸುತ್ತ ಒಂದು ಸಲ ಬಂದೆ. ಕೆಳಗಿನ ಬೆಸುಗೆಯ ಹತ್ತಿರ ತಟ್ಟಿದರೆ ಸದ್ದು ಬೇರೆ ಬರುತ್ತದೆ. ಒಂದು ಹಾಳೆಯಲ್ಲಿ ಅದನ್ನು ಬರೆದು, ತಾರೀಖು ಹಾಕಿ, ಸೂಪರಿಂಟೆಂಡೆಂಟರ ಕೈಗೇ ಕೊಟ್ಟೆ. ತಲುಪಿದ್ದಕ್ಕೆ ಸಹಿ ಬೇಕು ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸಹಿ ಹಾಕುವವರೆಗೆ ನಿಂತಿದ್ದೆ. ಇದರ ನಕಲನ್ನು ತಿಂಗಳಿಗೊಂದು ಕೊಡುತ್ತೇನೆ ಎಂದು ಇಸ್ತ್ರಿಯಮ್ಮನಿಗೆ ಹೇಳಿದೆ. ವಾರಕ್ಕೊಂದು ಕೊಡು ಎಂದಳು. ಅಷ್ಟಾದರೂ ಮಾತಾಡಿದಳು.

ಏಪ್ರಿಲ್ ೧೧, ಶುಕ್ರವಾರ

ಅರವತ್ತಮೂರನ್ನು ಇವತ್ತು ಕಡಿದರು. ರಜೆ ಹಾಕಿ ಹೋಗಿದ್ದೆ.

ಮೇಲಿನ ಕೊಂಬೆಗಳನ್ನು ಒಂದೊಂದಾಗಿ ಹಗ್ಗ ಕಟ್ಟಿ ಇಳಿಸಿ, ಆಮೇಲೆ ಕಾಂಡಕ್ಕೆ ಗರಗಸ ಇಟ್ಟರು. ಅರ್ಧ ಗಂಟೆ ಬೇಕು ಅಂದಿದ್ದವರು ನಾಲ್ಕು ನಿಮಿಷಕ್ಕೆ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಗರಗಸಕ್ಕೆ ಕೊಯ್ಯಲು ಒಳಗೆ ಏನೂ ಇರಲಿಲ್ಲ. ಸುತ್ತ ನಾಲ್ಕು ಬೆರಳಗಲ ಮರ, ನಡುವೆ ಕತ್ತಲೆ. ಉರುಳಿಸಿದ ಮೇಲೆ ಬುಡದ ಹತ್ತಿರ ಮಂಡಿಯೂರಿ ಕೈ ಹಾಕಿದೆ. ಮೊಣಕೈ ಹೋಯಿತು, ಭುಜ ಹೋಯಿತು. ತಳ ಸಿಗಲಿಲ್ಲ. ಒಳಗೆ ಬೆಚ್ಚಗಿತ್ತು.

"ಲೋ, ಇದನ್ನ ಇಟ್ಕೊಂಡು ನನ್ನ ಜೊತೆ ಊಟ ಮಾಡ್ತಿದ್ಯಲ್ಲೋ," ಅಂದೆ. ಜೋರಾಗಿಯೇ ಅಂದಿರಬೇಕು, ಗರಗಸದವರು ತಿರುಗಿ ನೋಡಿದರು. ಅವನು ಹೋದ ಮೇಲೆ ಅವನನ್ನು ಬೈದದ್ದು ಇದೇ ಮೊದಲು. ಬೈಯುತ್ತಲೇ ಇದ್ದೆ. ಯಾರೂ ತಡೆಯಲಿಲ್ಲ.

ಮಧ್ಯಾಹ್ನ ದೊಡ್ಡ ಮಾಲಿ ಕಲ್ಲುಬೆಂಚಿನ ಮೇಲೆ ಕಡಿದ ಮರಗಳ ರಿಜಿಸ್ಟರು ತೆರೆದು ಕೂತರು. ಅವರ ಮೇಲೆ ವಿಚಾರಣೆ ನಡೆಯುತ್ತಿದೆ, ಆದರೂ ಈ ಕೆಲಸ ಬಲ್ಲವರು ಬೇರೆ ಯಾರೂ ಇಲ್ಲ. ಮರದ ಸಂಖ್ಯೆ, ಸುತ್ತಳತೆ ತುಂಬಿದರು. ಟೊಳ್ಳೆಂದು ಗುರುತಿಸಿದವರು ಯಾರು, ಯಾವ ದಿನ ಎಂಬ ಎರಡು ಕಾಲಂಗಳ ಹತ್ತಿರ ಪೆನ್ನು ನಿಂತಿತು.

"ನಿನ್ನ ಹೆಸರು ಬರೀತೀನಿ ತಂಗೀ, ಮಾರ್ಚ್ ಇಪ್ಪತ್ತಮೂರು. ನೀನೂ ತಟ್ಟಿ ನೋಡಿದ್ದೀಯಲ್ಲ. ಯಾರೂ ಏನೂ ಕೇಳಲ್ಲ."

ಅವನು ಮುಚ್ಚಿಟ್ಟ ಎಂದು ಪೇಪರಿನಲ್ಲಿ ಬಂದಿದೆ, ವರದಿಯಲ್ಲಿ ಬಂದಿದೆ. ಮೊದಲು ಕೇಳಿಸಿಕೊಂಡವನು ಅವನೇ ಎಂದು ಎಲ್ಲೂ ಇಲ್ಲ.

"ಅವನ ಹೆಸರು ಬರೀರಿ ಅಣ್ಣ. ದಿನ, ಹೋದ ವರ್ಷದ ಜನವರಿ ಹನ್ನೊಂದು."

"ಪಕ್ಕದಲ್ಲೇ ಕಡಿದ ದಿನ ಇರುತ್ತೆ. ಹದಿನೈದು ತಿಂಗಳು. ಓದಿದವರಿಗೆ ಗೊತ್ತಾಗುತ್ತೆ."

"ಎರಡೂ ಗೊತ್ತಾಗ್ಲಿ."

ಅವರು ನಿಧಾನವಾಗಿ, ಒತ್ತಿ ಬರೆದರು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಮಾಡಿದೆ. ಅವರು ಪುಸ್ತಕ ಮುಚ್ಚಲು ಹೋದರು. ಶಾಯಿ ಹಸಿ ಇದೆ, ತಾಳಿ ಅಂದೆ. ಇಬ್ಬರೂ ಆ ಸಾಲಿನ ಮೇಲೆ ಕೈಯಿಂದ ಗಾಳಿ ಹಾಕುತ್ತ ಕೂತೆವು.